ಹೆಗ್ಗಣದ ಒಂಟಿ ಬಿಲ, ಊರಿನ ಒಟ್ಟು ಕೆಲಸ



"ಪಾಷಾಣ ಇಟ್ಟೆ, ನಾಲ್ಕು ಹೆಗ್ಗಣ ಸತ್ತವು, ಆದರೂ ಬದುವಿನ ಮೇಲೆ ಮತ್ತೆ ಹೊಸ ಮಣ್ಣು ಎದ್ದಿದೆ" ಎನ್ನುವವರು ಊರೂರಿನಲ್ಲೂ ಉಂಟು. ವಿಷ ಕಲಬೆರಕೆಯೆಂದು ಹಲವರು ತಿಳಿಯುತ್ತಾರೆ. ಆದರೆ ಹೆಗ್ಗಣದ ಬಾಳುವೆಯ ಕ್ರಮವನ್ನು ನೋಡಿದರೆ ಬೇರೆ ಕಾರಣ ತಿಳಿದುಬರುತ್ತದೆ.

ಹೊಲದ ಇಲಿಗಳೆಲ್ಲ ಒಂದೇ ಬಗೆಯವಲ್ಲ. ಮೆತ್ತನೆಯ ಕೂದಲಿನ ಹೊಲದಿಲಿಯು ಜೋಡಿಯಾಗಿಯೋ ಸಣ್ಣ ಗುಂಪಾಗಿಯೋ ಇರುತ್ತದೆ. ಎರೆಭೂಮಿಯ ಬಿರುಕುಗಳಲ್ಲಿಯೂ ಸೇರಿಕೊಳ್ಳುತ್ತದೆ. ಗದ್ದೆಯ ಬದುವನ್ನು ತೋಡುವ ಸಣ್ಣ ಹೆಗ್ಗಣವು ಒಂಟಿಗ. ಒಂದು ಬಿಲದಲ್ಲಿ ಸಾಮಾನ್ಯವಾಗಿ ಬೆಳೆದ ಹೆಗ್ಗಣ ಒಂದೇ, ಇಲ್ಲವೆ ತಾಯಿ ಮತ್ತು ಮರಿಗಳು. ಬೇರೊಂದು ಬಂದರೆ ಕಚ್ಚಾಡಿ ಓಡಿಸುತ್ತದೆ. ಬಿಲದ ಬಾಯಿಗೆ ಸಡಿಲ ಮಣ್ಣು ಮುಚ್ಚಿ, ಒಳಗಿನ ಗೂಡುಗಳಲ್ಲಿ ತೆನೆ ಕೂಡಿಡುತ್ತದೆ.

ಹೆಣ್ಣು ಸುಮಾರು ಮೂರು ವಾರ ಗರ್ಭ ಧರಿಸಿ, ಸೂಲಿಗೆ 6ರಿಂದ 8 ಮರಿ ಹಾಕುತ್ತದೆ. ಮರಿಗಳು ಬೆಳೆದ ಮೇಲೆ ಬೇರೆ ಬಿಲ ಹುಡುಕಬೇಕು. ಆಗ ನೀವೊಬ್ಬರೇ ನಿಮ್ಮ ಬದುವಿನ ಹೆಗ್ಗಣವನ್ನು ಕೊಂದಿದ್ದರೆ, ಪಕ್ಕದ ಹೊಲದ್ದಕ್ಕೆ ತೋಡಿದ ಮನೆ ಸಿದ್ಧವಾಗಿ ಸಿಕ್ಕಂತಾಯಿತು. ಆದುದರಿಂದ ಒಂದು ಬಯಲಿನ ರೈತರೆಲ್ಲರೂ ಒಂದೇ ವಾರದಲ್ಲಿ ಕೂಡಿ ಕೆಲಸ ಮಾಡಬೇಕು. ಕಾಲುವೆ ದಂಡೆ, ಬೀಳು ಭೂಮಿಗಳನ್ನೂ ಬಿಡಕೂಡದು.

ಕಾಲ: ಬೇಸಿಗೆಯಲ್ಲಿ, ನಾಟಿಗೆ ಮುಂಚೆ, ಮತ್ತೊಮ್ಮೆ ಪೈರು ಹೊಡೆಯಾಗುವ ಮೊದಲು. ತೆನೆಯಲ್ಲಿ ಹಾಲು ತುಂಬಿದ ಮೇಲೆ ಅದು ನಿಮ್ಮ ತಿಂಡಿಯನ್ನು ಅಷ್ಟಾಗಿ ಮುಟ್ಟದು.

ಕ್ರಮ:

1. ಸಂಜೆ ಎಲ್ಲ ಬಿಲಗಳ ಬಾಯಿ ತುಳಿದು ಮುಚ್ಚಿರಿ. ಬೆಳಿಗ್ಗೆ ತೆರೆದಿರುವ ಅಥವಾ ಹೊಸ ಮಣ್ಣು ಬಿದ್ದಿರುವ ಬಿಲದಲ್ಲಿ ಹೆಗ್ಗಣವಿದೆ. ಒಂದು ಬಿಲಕ್ಕೆ ಹಲವು ಬಾಯಿಗಳಿರುವುದರಿಂದ ಬಾಯಿಗೊಂದರಂತೆ ಲೆಕ್ಕ ಹಿಡಿಯಬೇಡಿರಿ.

2. ಅಂಥ ಬಿಲಗಳಲ್ಲಿ ಎರಡು ದಿನ, ಎಣ್ಣೆ ಸವರಿದ ನುಚ್ಚನ್ನು ವಿಷವಿಲ್ಲದೆ ಇಟ್ಟು ರೂಢಿ ಮಾಡಿಸಿರಿ.

3. ಮೂರನೆಯ ದಿನ 96 ಭಾಗ ನುಚ್ಚು, 2 ಭಾಗ ಎಣ್ಣೆ, 2 ಭಾಗ ಜಿಂಕ್ ಫಾಸ್ಫೈಡನ್ನು ಕೋಲಿನಿಂದ ಕಲಸಿ, 10 ಗ್ರಾಂನಂತೆ ಕಾಗದದಲ್ಲಿ ಕಟ್ಟಿ ಬಿಲದೊಳಗೆ ಹಾಕಿ ಮುಚ್ಚಿರಿ.

4. ಸತ್ತ ಹೆಗ್ಗಣ, ಉಳಿದ ವಿಷದ ತಿಂಡಿ ಎರಡನ್ನೂ ಆಳವಾಗಿ ಹೂಳಿರಿ. ಮಕ್ಕಳು, ದನಕರು, ನಾಯಿಗಳು ಸುಳಿಯದಂತೆ ಕಾಯಿರಿ, ಬರಿಗೈಯಿಂದ ಮುಟ್ಟಕೂಡದು.

ಸ್ವಲ್ಪ ತಿಂದು ಬದುಕಿದ ಹೆಗ್ಗಣ ಮತ್ತೆ ಅದೇ ವಿಷಕ್ಕೆ ಬಾಯಿಡದು. ಉಳಿದವಕ್ಕೆ ಬೇರೆ ಮದ್ದು ಯಾವುದೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿರಿ.

ಖರ್ಚಿಲ್ಲದ ಕೆಲಸವೂ ಒಂದಿದೆ: ಬದುಗಳನ್ನು ಒಂದು ಅಡಿಗಿಂತ ಅಗಲ, ಎತ್ತರ ಬಿಡದೆ ಸವರಿ, ಕಳೆ ಕಿತ್ತಿಡಿರಿ. ಕಿರಿದಾದ ಬದುವಿನಲ್ಲಿ ದೊಡ್ಡ ಬಿಲಕ್ಕೆ ಸ್ಥಳ ಸಾಲದು.

ಹೆಗ್ಗಣ ಒಂಟಿಯಾಗಿ ಬಾಳುತ್ತದೆ. ರೈತರು ಒಂಟಿಯಾಗಿ ಹೋರಾಡಿದರೆ ಗೆಲುವು ಅದರದೇ. ಈ ಸಲದ ಊರ ಸಭೆಯಲ್ಲಿ ದಿನ ಗೊತ್ತುಮಾಡಿರಿ.