ಮಗುವಿನ ಎಕ್ಸ್‌ರೇಯಲ್ಲಿ ಬಿಳಿ ಕಲೆ: ನ್ಯುಮೋನಿಯಾ ಒಂದೇ ಕಾರಣವಲ್ಲ

ಎದೆಯ ಎಕ್ಸ್‌ರೇಯಲ್ಲಿ ಗಾಳಿ ಕಪ್ಪಾಗಿ, ನೀರು, ಕೀವು, ಗಡ್ಡೆಗಳು ಬೆಳ್ಳಗೆ ಕಾಣುತ್ತವೆ. ವರದಿಯಲ್ಲಿ ಕಲೆ ಇದೆ ಎಂದರೆ ಗಾಳಿಯ ಜಾಗದಲ್ಲಿ ಬೇರೇನೋ ಸೇರಿದೆ ಎಂದಷ್ಟೇ ಅರ್ಥ. ಅದು ಕಾಯಿಲೆಯ ಹೆಸರಲ್ಲ.

ಮೊದಲು ಫಿಲ್ಮ್ ಸರಿಯಾಗಿದೆಯೇ ಎಂದು ನೋಡಬೇಕು. ಅಳುತ್ತಾ ಉಸಿರು ಬಿಟ್ಟ ಕ್ಷಣದಲ್ಲಿ ತೆಗೆದ ಚಿತ್ರದಲ್ಲಿ ಹೃದಯ ದೊಡ್ಡದಾಗಿ ಕಾಣುತ್ತದೆ. ಕೊರಳ ತಾಯಿತ, ಹೆಗಲ ಮೇಲಿನ ಜಡೆಯೂ ನೆರಳು ಬೀಳಿಸುತ್ತವೆ. ಹಸುಗೂಸಿನ ಎದೆಯ ಮೇಲ್ಭಾಗದಲ್ಲಿ ಹಾಯಿಯಂತೆ ಚಾಚಿದ ಬಿಳುಪು ಸಾಮಾನ್ಯವಾಗಿ ಥೈಮಸ್ ಗ್ರಂಥಿ, ಅದು ಸಹಜ.

ಆಮೇಲೆ ಲಕ್ಷಣಗಳು. ಜ್ವರ, ಕೆಮ್ಮು ಇದ್ದರೆ ನ್ಯುಮೋನಿಯಾ ಸಾಧ್ಯತೆ ಹೆಚ್ಚು. ಚಿಕ್ಕ ಮಕ್ಕಳಲ್ಲಿ ಅದು ಗಡ್ಡೆಯಂತೆ ದುಂಡಗೆ ಕಂಡು ಹೆತ್ತವರನ್ನು ಹೆದರಿಸುವುದೂ ಉಂಟು. ಎರಡು ವಾರ ಮೀರಿದ ಕೆಮ್ಮು, ತೂಕ ಇಳಿಕೆ, ಮನೆಯಲ್ಲಿ ಕ್ಷಯದ ರೋಗಿ ಇದ್ದರೆ ಕ್ಷಯದ ಪರೀಕ್ಷೆ ತಪ್ಪಿಸುವಂತಿಲ್ಲ. ಚಿಕ್ಕ ಮಕ್ಕಳು ಕಫ ಉಗುಳದೆ ನುಂಗುವುದರಿಂದ ಬೆಳಗ್ಗೆ ಖಾಲಿ ಹೊಟ್ಟೆಯ ದ್ರವ ತೆಗೆದು ಪರೀಕ್ಷಿಸುತ್ತಾರೆ.

ಎಲ್ಲರೂ ಎಡವುವುದು ಕಡಲೆಬೀಜದಲ್ಲಿ. ಬಸವನಗುಡಿಯ ಕಡಲೆಕಾಯಿ ಪರಿಷೆ ಬೆಂಗಳೂರಿನ ಸಿದ್ದಾಪುರಕ್ಕೆ ದೂರವೇನಲ್ಲ. ಕಾರ್ತಿಕದಲ್ಲಿ ಮನೆಮನೆಯಲ್ಲೂ ಸೇರುಗಟ್ಟಲೆ ಕಾಯಿ. ತಿನ್ನುತ್ತಾ ನಗುವ ಮಗುವಿನ ಉಸಿರುನಾಳಕ್ಕೆ ಬೀಜ ಜಾರುತ್ತದೆ. ನೆತ್ತಿಗೆ ಹತ್ತಿತೆಂದು ಮನೆಯವರು ತಲೆ ತಟ್ಟಿ, ನೀರು ಕುಡಿಸಿ, ಕೆಮ್ಮು ನಿಂತೊಡನೆ ಮರೆತುಬಿಡುತ್ತಾರೆ. ಎಕ್ಸ್‌ರೇಯಲ್ಲಿ ಬೀಜ ಕಾಣುವುದಿಲ್ಲ, ಅದರ ಪರಿಣಾಮವಷ್ಟೇ ಕಾಣುತ್ತದೆ: ಗಾಳಿ ಸಿಕ್ಕಿಕೊಂಡ ಕಡೆಯ ಶ್ವಾಸಕೋಶ ಉಬ್ಬಿ ಹೆಚ್ಚು ಕಪ್ಪಾಗುತ್ತದೆ, ಇಲ್ಲವೇ ಕುಸಿದು ಬೆಳ್ಳಗಾಗುತ್ತದೆ. ಕೆಲವೊಮ್ಮೆ ಚಿತ್ರದಲ್ಲಿ ದೋಷವೇ ಇರುವುದಿಲ್ಲ. ವಾರಗಳ ನಂತರ ಅದೇ ಜಾಗದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ, ಸಿರಪ್ ಮೇಲೆ ಸಿರಪ್. ನೆತ್ತಿಗೆ ಹತ್ತಿದ ಆ ಒಂದು ಸಂಗತಿ ವೈದ್ಯರ ಕಿವಿಗೆ ಬಿದ್ದರೆ ಉಸಿರುನಾಳಕ್ಕೆ ದರ್ಶಕ ಕೊಳವೆ ಇಳಿಸಿ (ಬ್ರಾಂಕೋಸ್ಕೋಪಿ) ಬೀಜ ಹೊರತೆಗೆಯುತ್ತಾರೆ. ಕೇಳದಿದ್ದರೂ ಹೇಳಲೇಬೇಕಾದ ಮಾತು ಅದು. ನಾಲ್ಕು ವರ್ಷ ತುಂಬುವವರೆಗೆ ಇಡೀ ಬೀಜ ಕೊಡದಿರುವುದೇ ಕ್ಷೇಮ.

ಹೃದಯದ ರಂಧ್ರ, ಹುಟ್ಟಿನಿಂದ ಬಂದ ನೀರುಗುಳ್ಳೆ, ವಪೆಯ ಹರ್ನಿಯಾ, ಅಪರೂಪಕ್ಕೆ ಗಡ್ಡೆ ಇವು ಉಳಿದ ಕಾರಣಗಳು. ಹೃದಯದ ಎಕೋ ಅಥವಾ ಸಿ.ಟಿ. ಸ್ಕ್ಯಾನ್‌ನಿಂದ ತಿಳಿಯುತ್ತವೆ. ಸಿದ್ದಾಪುರದವರಿಗೆ ನಿಮ್ಹಾನ್ಸ್ ಆಸುಪಾಸಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಹತ್ತಿರ. ಹಳೆಯ ಫಿಲ್ಮ್‌ಗಳನ್ನೂ ಒಯ್ಯಬೇಕು, ವರದಿಯ ಹಾಳೆಯೊಂದೇ ಸಾಲದು. ಮಲಗಿದ ಮಗುವಿನ ಉಸಿರು ನಿಮಿಷಕ್ಕೆ ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಆಮೇಲೆ ಐದು ವರ್ಷದೊಳಗೆ 40 ಮುಟ್ಟಿದರೆ ಅಂದೇ ವೈದ್ಯರಿಗೆ ತೋರಿಸಬೇಕು. ಪಕ್ಕೆ ಒಳಗೆಳೆದರೆ, ತುಟಿ ನೀಲಿಯಾದರೆ ಎಕ್ಸ್‌ರೇಗೂ ಕಾಯದೆ ತುರ್ತು ವಿಭಾಗಕ್ಕೆ ಒಯ್ಯಬೇಕು.