ಪರಮಂಡಲದ ಧೂಮಕೇತುವಿನ ಬೆಳಕು

ಖಗೋಲಪಾಠದ ವೇಳೆಯಲ್ಲಿ ನಮ್ಮ ಹುಡುಗಿಯೊಬ್ಬಳು, “ಅಮ್ಮನವರೇ, ಯಾರೂ ಮುಟ್ಟಿ ನೋಡದ ಧೂಮಕೇತುವಿನಲ್ಲಿ ಇಂಥ ವಸ್ತುವೇ ಉಂಟೆಂದು ಹೇಗೆ ಹೇಳುವರು?” ಎಂದು ಕೇಳಿದಳು. ಪ್ರಶ್ನೆಯು ಯೋಗ್ಯವಾದದ್ದೇ. ಈ ಪುಟಗಳನ್ನೋದುವ ಹಳೆಯ ವಿದ್ಯಾರ್ಥಿನಿಯರಿಗೂ ತಂದೆತಾಯಂದಿರಿಗೂ ಅದರ ಉತ್ತರವನ್ನು ಅರಿಕೆಮಾಡುವೆನು.

2019ನೆಯ ಇಸವಿ ಆಗಸ್ಟ್ 30ರಂದು ಕ್ರಿಮಿಯದಲ್ಲಿ ಗೆನ್ನಾದಿ ಬೊರಿಸೊವ್ ಎಂಬವರು ತಾವೇ ಕಟ್ಟಿದ ದೂರದರ್ಶಕದಿಂದ ಒಂದು ಧೂಮಕೇತುವನ್ನು ಕಂಡರು. ಸೂರ್ಯನ ಆಕರ್ಷಣೆಗೆ ಕಟ್ಟುಬೀಳದಷ್ಟು ವೇಗದಿಂದ ಅದು ಬಂದಿತ್ತು; ಆದುದರಿಂದ ಬೇರೊಂದು ನಕ್ಷತ್ರದ ಪರಿವಾರದಲ್ಲಿ ಹುಟ್ಟಿದ್ದೆಂದು ತಿಳಿಯಿತು.

ಧೂಮಕೇತುವಿನಲ್ಲಿ ಎರಡು ಬಗೆಯ ಬೆಳಕು ಬೆರೆತಿರುವದು. ಧೂಳು ಸೂರ್ಯನ ಬೆಳಕನ್ನೇ ತಿರುಗಿಸಿ ಕಳುಹಿಸುವದು. ಅನಿಲಗಳಾದರೋ ಬಿಸಿಲನ್ನು ಹೀರಿ, ತಮತಮಗೆ ನಿಯಮಿತವಾದ ಬಣ್ಣಗಳಲ್ಲಿ ಮಾತ್ರ ಹೊಳೆಯುವವು. ಯಂತ್ರದಿಂದ ಈ ಬೆಳಕನ್ನು ಹರಡಿದರೆ, ಮೊದಲನೆಯದು ಕಾಮನಬಿಲ್ಲಿನಂತೆ ಎಡೆಬಿಡದ ಪಟ್ಟಿಯಾಗಿಯೂ ಎರಡನೆಯದು ಅದರ ಮೇಲೆ ಹೊಳೆಯುವ ಗೆರೆಗಳಾಗಿಯೂ ತೋರುವವು. ಸೂರ್ಯನನ್ನು ಹೋಲುವ ನಕ್ಷತ್ರವೊಂದರ ಬೆಳಕನ್ನೂ ಅದೇ ಯಂತ್ರದಿಂದ ಅಳೆದು, ಅಕ್ಕಿಯಿಂದ ಕಲ್ಲನ್ನು ಆರಿಸುವಂತೆ ಧೂಳಿನ ಪಾಲನ್ನು ಕಳೆಯುವರು. ಅದೇ ಸೆಪ್ಟೆಂಬರಿನಲ್ಲಿ ಲಾ ಪಾಲ್ಮಾ ದ್ವೀಪದ ವಿಲಿಯಂ ಹರ್ಷೆಲ್ ದೂರದರ್ಶಕದಿಂದ ಹೀಗೆ ಮಾಡಲಾಗಿ, ನೇರಿಳೆಯ ಅಂಚಿನಲ್ಲಿ, 388 ನ್ಯಾನೊಮೀಟರಿನ ಬಳಿ, ಒಂದು ಗೆರೆ ಉಳಿಯಿತು. ಅದು ಅಂಗಾರವೂ ಸಾರಜನಕವೂ ಕೂಡಿದ ಸಯನೋಜನ್ ಅನಿಲದ ಗುರುತು. (1910ರಲ್ಲಿ ಹ್ಯಾಲಿ ಧೂಮಕೇತುವಿನ ಬಾಲದಲ್ಲಿ ಇದೇ ವಿಷಾನಿಲ ಉಂಟೆಂದು ಕೇಳಿ ಎಷ್ಟೋ ಜನರು ಭಯಪಟ್ಟಿದ್ದರು, ಭೂಮಿಗೆ ಏನೂ ಆಗಲಿಲ್ಲ.)

ಧೂಳಿನ ಬಣ್ಣವು ಸೂರ್ಯನ ಬೆಳಕಿಗಿಂತ ತುಸು ಕೆಂಪು. ನಮ್ಮ ಮಂಡಲದ ಧೂಮಕೇತುಗಳದೂ ಹಾಗೆಯೇ. ಇಷ್ಟಕ್ಕೇ ನಿಂತಿದ್ದರೆ ಈ ಪರಸ್ಥಳದ ಅತಿಥಿಗೂ ನಮ್ಮವುಗಳಿಗೂ ಹೆಚ್ಚಿನ ಭೇದವಿಲ್ಲವೆಂದು ಬರೆದಿಡಬೇಕಾಗುತ್ತಿತ್ತು. ಆದರೆ ಚಿಲಿ ದೇಶದ ದೊಡ್ಡ ದೂರದರ್ಶಕದಿಂದ, ಆ ಬೆಳಕಿನ ಅಲೆಗಳು ಯಾವ ದಿಕ್ಕಿನಲ್ಲಿ ಹೆಚ್ಚಾಗಿ ಆಡುವವೆಂಬದನ್ನು ಅಳೆದು 2021ರಲ್ಲಿ ಪ್ರಕಟಿಸಿದರು. ಒಂದೇ ದಿಕ್ಕಿಗೆ ಒಲಿದ ಬೆಳಕಿನ ಪಾಲು ಇದರಲ್ಲಿ ನಮ್ಮ ಸಾಮಾನ್ಯ ಧೂಮಕೇತುಗಳಿಗಿಂತ ಹೆಚ್ಚು. 1997ರಲ್ಲಿ ಬರಿಗಣ್ಣಿಗೆ ಚೆನ್ನಾಗಿ ಕಂಡ ಹೇಲ್-ಬಾಪ್ ಇದಕ್ಕೆ ಹೋಲುತ್ತಿತ್ತು. ಬೊರಿಸೊವ್ ಧೂಮಕೇತುವು ಮುಂಚೆ ಯಾವ ನಕ್ಷತ್ರದ ಕಾವಿಗೂ ಸಿಕ್ಕದೆ, ಹುಟ್ಟಿದಂದಿನ ಧೂಳನ್ನೇ ಕೆಡದೆ ಉಳಿಸಿಕೊಂಡಿರಬಹುದೆಂದು ಪಂಡಿತರು ಊಹಿಸಿದ್ದು ಇದರಿಂದಲೇ.

2025ನೆಯ ಇಸವಿ ಜುಲೈ 1ರಂದು ಅಟ್ಲಾಸ್ ಎಂಬ ಇನ್ನೊಂದು ಪರಮಂಡಲದ ಧೂಮಕೇತುವು ಕಾಣಿಸಿತು. ಕೆಂಪಿನಾಚೆಯ, ಕಣ್ಣಿಗೆ ಕಾಣದ ಅದರ ಬೆಳಕನ್ನು ಜೇಮ್ಸ್ ವೆಬ್ ದೂರದರ್ಶಕದಿಂದ ಪರೀಕ್ಷಿಸಲಾಗಿ, ನೀರಿನ ಆವಿಗಿಂತ ಅಂಗಾರಾಮ್ಲ ಅನಿಲವೇ ಸುಮಾರು ಎಂಟು ಪಟ್ಟು ಹೆಚ್ಚಾಗಿತ್ತು. “ಅದೇಕೆ?” ಎಂದು ಅದೇ ಹುಡುಗಿ ಕೂಡಲೇ ಕೇಳಿದಳು. ತನ್ನ ನಕ್ಷತ್ರದಿಂದ ಬಹು ದೂರದಲ್ಲಿ, ಆ ಅನಿಲವೂ ಹೆಪ್ಪುಗಟ್ಟುವ ಚಳಿಯಲ್ಲಿ ಹುಟ್ಟಿತೋ, ಅಥವಾ ಅದರ ಹಿಮವು ತೀಕ್ಷ್ಣ ಕಿರಣಗಳಿಂದ ಮಾರ್ಪಟ್ಟಿತೋ, ಎರಡು ಊಹೆಗಳುಂಟು ಎಂದೆನು.