ಮಾತಿನಿಂದ ಮನುಷ್ಯನನ್ನು ಅಳೆಯಬಹುದೇ?

ಕೆಲವು ತಿಂಗಳ ಹಿಂದೆ ನಾವು ಹಾವೇರಿಯಿಂದ ಹೊಸರಿತ್ತಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಮುಂದಿನ ಆಸನದಲ್ಲಿ ಕುಳಿತಿದ್ದ ಇಬ್ಬರು ಹಿರಿಯರು ಒಂದು ವಿವಾಹಸಂಬಂಧದ ವಿಷಯವನ್ನು ಚರ್ಚಿಸುತ್ತಿದ್ದರು. ಹಿಂದಿನ ದಿನ ಇಬ್ಬರೂ ಹುಡುಗನನ್ನು ನೋಡಿ ಬಂದಿದ್ದರು. “ಹುಡುಗ ಬಾಳ ಮೆತ್ತಗ ಮಾತಾಡ್ತಾನ್ರಿ ಗೌಡ್ರ. ಅಂಥಾಂವ ಮನಿ ಹುಡುಗೀನ್ನ ಚಂದಾಗಿ ನೋಡ್ಕೋತಾನ” ಎಂದರು ಒಬ್ಬರು. ಇನ್ನೊಬ್ಬರು ತಲೆಯಾಡಿಸಿ, “ಮೆತ್ತಗ ಮಾತಾಡಾವ್ರನ್ನ ನಂಬಬಾರ್ದು ನೋಡ್ರಿ. ಬಾಯಿಬಿಟ್ಟು ಮಾತಾಡಾಂವ ಆದ್ರ ಹೊಟ್ಟಿಯೊಳಗ ಏನೂ ಇಟ್ಕೊಂಡಿರೂದಿಲ್ಲ” ಎಂದರು.

ಕೇಳಿದ ಧ್ವನಿ ಒಂದೇ. ತೀರ್ಪುಗಳು ಎರಡು, ಅವೂ ಪರಸ್ಪರ ವಿರುದ್ಧ. ಆದರೂ ಮಾತನ್ನು ಕೇಳಿದರೆ ಮನುಷ್ಯನ ಗುಣ ತಿಳಿಯುತ್ತದೆ ಎಂಬ ಮೂಲಭಾವನೆಯಲ್ಲಿ ಇಬ್ಬರಿಗೂ ಭೇದವಿರಲಿಲ್ಲ. ಈ ನಂಬಿಕೆಯಲ್ಲಿ ಸತ್ಯಾಂಶವೆಷ್ಟು? ಒಂದು ಮನೆಯ ಹೆಣ್ಣುಮಗಳ ಬಾಳು ಇದರ ಮೇಲೆ ನಿಲ್ಲಬಹುದಾದರೆ ಪ್ರಶ್ನೆಯು ಕ್ಷುಲ್ಲಕವಲ್ಲ. ಭೌತಶಾಸ್ತ್ರದ ದೃಷ್ಟಿಯಿಂದ ಇದನ್ನು ಸ್ವಲ್ಪ ಪರಿಶೀಲಿಸೋಣ.

ಧ್ವನಿಯು ಹುಟ್ಟುವ ಬಗೆ

ನಿಮ್ಮ ಬೆರಳುಗಳನ್ನು ಗಂಟಲಿನ ಮೇಲೆ ಮೃದುವಾಗಿ ಇಟ್ಟು ಮೊದಲು “ಸ್‌ಸ್‌ಸ್” ಎಂದೂ, ಬಳಿಕ “ಮ್‌ಮ್‌ಮ್” ಎಂದೂ ಉಚ್ಚರಿಸಿರಿ. ಮೊದಲನೆಯದರಲ್ಲಿ ಬೆರಳಿಗೆ ಏನೂ ತಿಳಿಯುವುದಿಲ್ಲ. ಎರಡನೆಯದರಲ್ಲಿ ಸ್ಪಷ್ಟವಾದ ಕಂಪನವು ಅನುಭವಕ್ಕೆ ಬರುತ್ತದೆ. ಈ ಕಂಪನವು ಧ್ವನಿಪೆಟ್ಟಿಗೆಯೊಳಗಿನ ಎರಡು ಧ್ವನಿತಂತುಗಳದು. ತಂತುಗಳೆಂದು ಕರೆದರೂ ಇವು ವೀಣೆಯ ತಂತಿಗಳಂತಲ್ಲ. ಸ್ನಾಯು ಮತ್ತು ಲೋಳೆಪೊರೆಗಳಿಂದಾದ ಎರಡು ಮಡಿಕೆಗಳು. ಗಂಡಸರಲ್ಲಿ ಇವುಗಳ ಉದ್ದ ಸುಮಾರು 1.5 ರಿಂದ 2 ಸೆಂಟಿಮೀಟರು. ಹೆಂಗಸರಲ್ಲಿ ಸುಮಾರು 1 ರಿಂದ 1.5 ಸೆಂಟಿಮೀಟರು. ಶ್ವಾಸಕೋಶದಿಂದ ಮೇಲೆ ಬರುವ ಗಾಳಿಯು ಈ ಮಡಿಕೆಗಳನ್ನು ತಳ್ಳಿ ತೆರೆಯುತ್ತದೆ. ಅವು ತಮ್ಮ ಸ್ಥಿತಿಸ್ಥಾಪಕ ಗುಣದಿಂದಲೂ ಗಾಳಿಯ ಒತ್ತಡದ ಬದಲಾವಣೆಯಿಂದಲೂ ಮತ್ತೆ ಮುಚ್ಚಿಕೊಳ್ಳುತ್ತವೆ. ಹೀಗೆ ವಯಸ್ಕ ಗಂಡಸಿನಲ್ಲಿ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸಿನಲ್ಲಿ ಸುಮಾರು 200 ಸಲ, ಚಿಕ್ಕ ಮಕ್ಕಳಲ್ಲಿ ಸುಮಾರು 300 ಸಲ ಅವು ತೆರೆದು ಮುಚ್ಚುತ್ತವೆ. ಈ ಸಂಖ್ಯೆಯೇ ಧ್ವನಿಯ ಶ್ರುತಿಯನ್ನು ನಿರ್ಧರಿಸುತ್ತದೆ.

ಆದರೆ ಕೇವಲ ಶ್ರುತಿಯಿಂದ ಮಾತಾಗುವುದಿಲ್ಲ. ಧ್ವನಿತಂತುಗಳಿಂದ ತುಟಿಗಳವರೆಗಿನ ನಾಳವು ವಯಸ್ಕ ಗಂಡಸಿನಲ್ಲಿ ಸುಮಾರು 17 ಸೆಂಟಿಮೀಟರು ಉದ್ದವಾಗಿದೆ. ಒಂದು ತುದಿ ಮುಚ್ಚಿ ಇನ್ನೊಂದು ತುದಿ ತೆರೆದಿರುವ ಕೊಳವೆಯ ಅನುನಾದವನ್ನು ನೀವು ಪ್ರಯೋಗಶಾಲೆಯಲ್ಲಿ ಅನುನಾದ ಸ್ತಂಭದ ಮೂಲಕ ಕಂಡಿದ್ದೀರಿ. ಅಲ್ಲಿ ಗಾಳಿಯ ಸ್ತಂಭದ ಉದ್ದವು ಅಲೆಯುದ್ದದ ನಾಲ್ಕನೆಯ ಒಂದು ಭಾಗವಾದಾಗ ಪ್ರಥಮ ಅನುನಾದವುಂಟಾಗುತ್ತದೆ. ಅದೇ ನಿಯಮವನ್ನು ಇಲ್ಲಿ ಅನ್ವಯಿಸಿದರೆ ಅಲೆಯುದ್ದವು 68 ಸೆಂಟಿಮೀಟರು. ಶರೀರದ ಉಷ್ಣತೆಯಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು 350 ಮೀಟರು. ಆದುದರಿಂದ ಪ್ರಥಮ ಅನುನಾದವು ಸುಮಾರು 500 ಹರ್ಟ್ಸ್, ಮುಂದಿನವು ಅದರ ಮೂರರಷ್ಟು ಹಾಗೂ ಐದರಷ್ಟು, ಅಂದರೆ ಸುಮಾರು 1500 ಮತ್ತು 2500 ಹರ್ಟ್ಸ್ ಆಗುವುವು. ನಾಲಿಗೆ, ದವಡೆ, ತುಟಿಗಳನ್ನು ಚಲಿಸಿ ನಾವು ಈ ಕೊಳವೆಯ ಆಕಾರವನ್ನು ಕ್ಷಣಕ್ಷಣಕ್ಕೂ ಬದಲಿಸುತ್ತೇವೆ. ಅನುನಾದಗಳು ಸ್ಥಳಾಂತರ ಹೊಂದುತ್ತವೆ. “ಆ” ಎಂದಾಗ ಮೊದಲೆರಡು ಅನುನಾದಗಳು ಒಂದಕ್ಕೊಂದು ಹತ್ತಿರ ಬರುವುವು. “ಈ” ಎಂದಾಗ ದೂರ ಸರಿಯುವುವು. ಶ್ರುತಿಯನ್ನು ಬದಲಿಸದೆಯೇ “ಆ, ಈ, ಊ” ಎಂದು ಹೇಳಬಲ್ಲೆವೆಂಬುದಕ್ಕೆ ಇದೇ ಕಾರಣ.

ಧ್ವನಿಯು ನಿಜವಾಗಿ ಏನನ್ನು ತಿಳಿಸುತ್ತದೆ?

ಈ ಯಂತ್ರರಚನೆಯನ್ನು ಅರಿತ ಮೇಲೆ ಧ್ವನಿಯಿಂದ ಏನೇನು ತಿಳಿಯಬಹುದೆಂದು ಊಹಿಸುವುದು ಕಷ್ಟವಲ್ಲ. ತಂತುಗಳ ಉದ್ದ ಮತ್ತು ದಪ್ಪದಿಂದಾಗಿ ಹೆಂಗಸೋ ಗಂಡಸೋ, ಮಗುವೋ ದೊಡ್ಡವರೋ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ನೆಗಡಿಯಾದಾಗ ಮೂಗಿನ ಮಾರ್ಗವು ಕಟ್ಟಿಕೊಂಡು ಅನುನಾದವು ಮಾರ್ಪಡುವುದರಿಂದ ಅನಾರೋಗ್ಯವೂ ತಿಳಿಯುತ್ತದೆ. ಭಯವಾದಾಗ ಸ್ನಾಯುಗಳು ಬಿಗಿಯುತ್ತವೆ; ತಂತುಗಳೂ ಬಿಗಿದು ಶ್ರುತಿಯು ಏರುತ್ತದೆ. ಕೋಪದಲ್ಲಿ ಗಾಳಿಯ ಒತ್ತಡ ಹೆಚ್ಚಿ ಉಚ್ಚ ಉಪಸ್ವರಗಳು ಪ್ರಬಲವಾಗುವುವು. ದುಃಖದಲ್ಲಿ ಮಾತು ನಿಧಾನವಾಗಿ, ಧ್ವನಿ ಕೆಳಗಿಳಿಯುವುದು. ತಾಯಿಯು ದೂರದಲ್ಲಿರುವ ಮಗನ “ಆರಾಮದೀನವ್ವಾ” ಎಂಬ ಒಂದು ಮಾತನ್ನು ಮೊಬೈಲಿನಲ್ಲಿ ಕೇಳಿ “ಯಾಕೋ, ಏನಾತು?” ಎಂದು ಕೇಳುವುದು ಮಾಯೆಯಲ್ಲ, ವರ್ಷಗಟ್ಟಲೆ ಕೇಳಿದ ಧ್ವನಿಯಲ್ಲಿ ಇಂದು ಉಂಟಾದ ವ್ಯತ್ಯಾಸವನ್ನು ಅವಳ ಕಿವಿಯು ಅಳೆದಿದೆ.

ಇಲ್ಲಿ ಒಂದು ಅಂಶವನ್ನು ಗಮನಿಸತಕ್ಕದ್ದು. ಮೇಲೆ ಹೇಳಿದವೆಲ್ಲವೂ ಶರೀರದ ಸ್ಥಿತಿ ಅಥವಾ ಆ ಕ್ಷಣದ ಮನಸ್ಸಿನ ಸ್ಥಿತಿ. ಪ್ರಾಮಾಣಿಕತೆ, ದಯೆ, ಧೈರ್ಯ ಮೊದಲಾದ ಸ್ಥಾಯಿಗುಣಗಳು ಧ್ವನಿತಂತುಗಳ ಉದ್ದವನ್ನಾಗಲಿ ನಾಳದ ಆಕಾರವನ್ನಾಗಲಿ ಬದಲಿಸುತ್ತವೆಯೆ? ಹಾಗೆ ಬದಲಿಸುವ ಯಾವ ಮಾರ್ಗವೂ ನಮಗೆ ಕಾಣುವುದಿಲ್ಲ.

ಈ ವಿಷಯಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಉಜ್ಜ್ವಲ ನಿದರ್ಶನವಿದೆ. ಹಾವೇರಿ ಜಿಲ್ಲೆಯ ಹಾನಗಲ್ಲಿನ ಹೆಸರನ್ನು ತಮ್ಮ ಹೆಸರಿನೊಡನೆ ಜಗತ್ತಿಗೆ ಸಾರಿದ ಗಾಯಕಿ ಗಂಗೂಬಾಯಿ ಹಾನಗಲ್ (1913–2009) ಅವರ ಕಂಠವು ಮೊದಲು ತೆಳುವಾಗಿತ್ತು. ಗಂಟಲಿನ ಶಸ್ತ್ರಚಿಕಿತ್ಸೆಯ ತರುವಾಯ ಅದು ಗಂಭೀರವಾಗಿ, ಗಂಡುಧ್ವನಿಯನ್ನು ಹೋಲುವಂತಾಯಿತು. ಶ್ರುತಿ ಇಳಿಯಿತು, ಆದರೆ ಗಾಯಕಿಯ ಸ್ವಭಾವವೂ ಅದರೊಡನೆ ಬದಲಾಯಿತೆಂದು ಯಾರಾದರೂ ಹೇಳಿಯಾರೆ? ಗಡಸುಕಂಠವುಳ್ಳವರು ಗಡಸು ಮನಸ್ಸಿನವರೆಂಬ ಊಹೆಗೆ ಇದಕ್ಕಿಂತ ಉತ್ತಮವಾದ ಖಂಡನೆ ಬೇಕಿಲ್ಲ.

ಕೇಳುಗರ ಒಮ್ಮತ ಮತ್ತು ಸತ್ಯ

ವಿಜ್ಞಾನಿಗಳು ಈ ಊಹೆಯನ್ನು ನೇರವಾಗಿ ಪರೀಕ್ಷಿಸಿಯೂ ಇದ್ದಾರೆ. 1927ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಮನಶ್ಶಾಸ್ತ್ರಜ್ಞ ಟಿ. ಎಚ್. ಪಿಯರ್ ಅವರು ಒಂಬತ್ತು ಮಂದಿಯಿಂದ ಬಿ.ಬಿ.ಸಿ. ಬಾನುಲಿಯಲ್ಲಿ ಓದಿಸಿ, ಓದಿದವರ ವಯಸ್ಸು, ಉದ್ಯೋಗ ಮುಂತಾದವನ್ನು ಊಹಿಸುವಂತೆ ಕೇಳುಗರನ್ನು ಕೋರಿದರು. 4000ಕ್ಕೂ ಹೆಚ್ಚು ಉತ್ತರಗಳು ಬಂದವು. ವಯಸ್ಸಿನ ಊಹೆ ಸಾಕಷ್ಟು ಸರಿಯಾಗಿತ್ತು. ಉದ್ಯೋಗಗಳಲ್ಲಿ ನಟ ಮತ್ತು ಪಾದ್ರಿ ಇಂಥವರನ್ನು ಅನೇಕರು ಗುರುತಿಸಿದರು. ಇವರಿಬ್ಬರ ವೃತ್ತಿಯೂ ಧ್ವನಿಯನ್ನು ವಿಶೇಷ ರೀತಿಯಲ್ಲಿ ಪಳಗಿಸುವಂಥದು ಎಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ.

1934ರಲ್ಲಿ ಅಮೆರಿಕದ ಆಲ್ಪೋರ್ಟ್ ಮತ್ತು ಕ್ಯಾಂಟ್ರಿಲ್ ಎಂಬವರು ವ್ಯಕ್ತಿತ್ವದ ಕುರಿತೇ ಇಂಥ ಪರೀಕ್ಷೆಗಳನ್ನು ನಡೆಸಿದರು. ಧ್ವನಿಯಿಂದ ಕೆಲವು ಸಂಗತಿಗಳು ಸರಿಯಾಗಿ ತಿಳಿಯುತ್ತವೆಂದು ಅವರು ಕಂಡರು. ಆದರೆ ಅದಕ್ಕಿಂತ ಮುಖ್ಯವಾದುದು ಇನ್ನೊಂದು: ಕೇಳುಗರು ಪರಸ್ಪರ ಒಪ್ಪಿದ್ದು ಹೆಚ್ಚು, ಸತ್ಯದೊಡನೆ ಒಪ್ಪಿದ್ದು ಕಡಿಮೆ. 2014ರಲ್ಲಿ ಗ್ಲಾಸ್ಗೋ ನಗರದ ಸಂಶೋಧಕರು 64 ಮಂದಿ ಉಚ್ಚರಿಸಿದ “ಹಲೋ” ಎಂಬ ಒಂದೇ ಶಬ್ದವನ್ನು 320 ಮಂದಿಗೆ ಕೇಳಿಸಿದಾಗಲೂ, ಯಾರು ನಂಬಿಕೆಗೆ ಅರ್ಹರಂತೆ ಕೇಳಿಸುತ್ತಾರೆ ಎಂಬುದರಲ್ಲಿ ಕೇಳುಗರ ಅಭಿಪ್ರಾಯಗಳು ಬಹಳ ಹೊಂದಿಕೊಂಡವು. ನಂಬಿಕೆಗೆ ಅರ್ಹರಂತೆ ಕೇಳಿಸುವುದು ಬೇರೆ, ಅರ್ಹರಾಗಿರುವುದು ಬೇರೆ. ಹತ್ತು ಜನ ಒಂದೇ ಕಡೆಗೆ ತಪ್ಪಿದರೆ ತಪ್ಪು ಸರಿಯಾಗುವುದಿಲ್ಲ. ಹತ್ತು ವಿದ್ಯಾರ್ಥಿಗಳು ಶೂನ್ಯದೋಷವುಳ್ಳ ಒಂದೇ ಮಾಪಕದಿಂದ ಅಳೆದರೆ ಹತ್ತೂ ಫಲಿತಾಂಶಗಳು ಹೊಂದುತ್ತವೆ, ಹತ್ತೂ ತಪ್ಪಾಗಿರುತ್ತವೆ.

ನಮ್ಮ ಬ್ಯಾಡಗಿಯ ಮೆಣಸಿನಕಾಯಿಯನ್ನು ನೋಡಿರಿ. ಅದರ ಗಾಢವಾದ ಕೆಂಪನ್ನು ಕಂಡ ಪರಸ್ಥಳದವರು ಬಾಯಿ ಸುಟ್ಟೀತೆಂದು ಹೆದರುತ್ತಾರೆ. ಆದರೆ ಅದರ ಖಾರ ಸೌಮ್ಯವಾದುದು. ಬಣ್ಣವನ್ನು ಕೊಡುವ ವಸ್ತು ಕ್ಯಾಪ್ಸಾಂಥಿನ್, ಖಾರವನ್ನು ಕೊಡುವುದು ಕ್ಯಾಪ್ಸೈಸಿನ್. ಇವೆರಡೂ ಬೇರೆ ಬೇರೆ. ಒಂದನ್ನು ನೋಡಿ ಇನ್ನೊಂದನ್ನು ಅಳೆಯಲಾಗದು. ಧ್ವನಿ ಮತ್ತು ಗುಣಗಳ ಸಂಬಂಧವೂ ಹೀಗೆಯೇ.

ಆಡುನುಡಿಯ ವಿಷಯ

ಧ್ವನಿಯಂತೆಯೇ ನಮ್ಮನ್ನು ದಾರಿ ತಪ್ಪಿಸುವ ಇನ್ನೊಂದು ಅಂಶವು ಆಡುನುಡಿ. “ಹೋಗಾಕತ್ತೇನಿ” ಎಂದವನು ಹಾವೇರಿಯ ಕಡೆಯವನು, “ಹೋಗ್ತಾ ಇದ್ದೀನಿ” ಎಂದವನು ಮೈಸೂರು ಕಡೆಯವನು ಎಂದು ಗುರುತಿಸುವುದು ಸರಿಯಾದ ಅನುಮಾನ. ಆದರೆ ಮೊದಲನೆಯವನು ಒರಟನೆಂದೂ ಎರಡನೆಯವನು ನಯಗಾರನೆಂದೂ ನಿರ್ಣಯಿಸಿದರೆ ಅದು ಅನುಮಾನವಲ್ಲ, ಪೂರ್ವಗ್ರಹ. ಮಾತುಮಾತಿಗೂ “ರೀ” ಸೇರಿಸಿ ಗೌರವವನ್ನು ತೋರುವ ಈ ನುಡಿಯನ್ನು ಒರಟೆಂದು ಕರೆಯುವವರು ಅದನ್ನು ಸರಿಯಾಗಿ ಕೇಳಿಯೇ ಇಲ್ಲ. ಸಂದರ್ಶನಕ್ಕೆಂದು ಬೆಂಗಳೂರಿಗೆ ಹೋಗುವ ನಮ್ಮ ವಿದ್ಯಾರ್ಥಿಗಳು ಬಾಯಿ ತೆರೆಯಲು ಅಂಜುವುದು ತಿಳಿವಳಿಕೆಯ ಕೊರತೆಯಿಂದಲ್ಲ, ಇಂಥ ತೀರ್ಪಿನ ಭಯದಿಂದ.

ನಮ್ಮದೇ ಒಂದು ತಪ್ಪು

ಇತರರನ್ನು ಆಕ್ಷೇಪಿಸುವ ಮೊದಲು ನಮ್ಮ ತಪ್ಪನ್ನೂ ಹೇಳಿಬಿಡುವುದು ನ್ಯಾಯ. ಅಧ್ಯಾಪಕವೃತ್ತಿಯ ಮೊದಲ ವರ್ಷಗಳಲ್ಲಿ ಪ್ರಾಯೋಗಿಕ ಪರೀಕ್ಷೆಯೊಂದರ ಮೌಖಿಕ ಭಾಗದಲ್ಲಿ ಒಬ್ಬ ಹುಡುಗನನ್ನು ಅನುನಾದ ಸ್ತಂಭದ ಬಗ್ಗೆಯೇ ಪ್ರಶ್ನಿಸಿದೆವು. ಅವನು ಮೊದಲಕ್ಷರದಲ್ಲಿಯೇ ತಡವರಿಸಿದನು. ಅದನ್ನೇ ಮೂರು ನಾಲ್ಕು ಸಲ ಉಚ್ಚರಿಸಿ, ಮುಖ ಕೆಂಪಾಗಿ, ಸುಮ್ಮನಾದನು. ಓದಿಕೊಂಡು ಬಂದಿಲ್ಲವೆಂದು ತೀರ್ಮಾನಿಸಿ ಕಡಿಮೆ ಅಂಕ ಹಾಕಿದೆವು. ಕೆಲವು ದಿನಗಳ ಮೇಲೆ ಅವನ ಪ್ರಯೋಗ ಪುಸ್ತಕವು ಕೈಗೆ ಬಂದಾಗ ತೆರೆದು ನೋಡಿದೆವು. ಕೊಳವೆಯ ಬಾಯಿಯಾಚೆಗೂ ಗಾಳಿಯು ಸ್ವಲ್ಪ ದೂರ ಕಂಪಿಸುವುದರಿಂದ ಮಾಡಬೇಕಾದ ತಿದ್ದುಪಡಿಯನ್ನು ತರಗತಿಯಲ್ಲಿ ಅವನೊಬ್ಬನೇ ಲೆಕ್ಕಕ್ಕೆ ತಂದಿದ್ದನು. ಅಂಕಪಟ್ಟಿಯನ್ನು ಆಗಲೇ ಕಳುಹಿಸಿಯಾಗಿತ್ತು, ತಿದ್ದುವ ಅವಕಾಶವಿರಲಿಲ್ಲ.

ತೊದಲುವಿಕೆಯು ಅಜ್ಞಾನದ ಲಕ್ಷಣವಲ್ಲ, ಅಪ್ರಾಮಾಣಿಕತೆಯದೂ ಅಲ್ಲ. ಮಾತಿನ ಸ್ನಾಯುಗಳನ್ನು ಸಕಾಲದಲ್ಲಿ ನಡೆಸುವ ಮಿದುಳಿನ ವ್ಯವಸ್ಥೆಯಲ್ಲಿನ ವ್ಯತ್ಯಾಸಕ್ಕೆ ಅದು ಸಂಬಂಧಿಸಿದೆ. ಅದರಲ್ಲಿ ಅನುವಂಶಿಕತೆಯ ಪಾತ್ರವೂ ಉಂಟು. ನಾವು ಅಳೆದದ್ದು ಆ ಹುಡುಗನ ನಾಲಿಗೆಯನ್ನು. ಅಂಕ ಹಾಕಿದ್ದು ಅವನ ಬುದ್ಧಿಗೆ. ಅಂದಿನಿಂದ ಬಾಯಿಯಲ್ಲಿ ಹೇಳಲಾರದವರಿಗೆ ಕಾಗದದ ಮೇಲೆ ಬರೆದು ತೋರಿಸಲು ಹೇಳುತ್ತೇವೆ.

ಧ್ವನಿಯು ನಡುಗಿದ್ದನ್ನು ಯಂತ್ರದಿಂದ ಅಳೆದು ಸುಳ್ಳನ್ನು ಹಿಡಿಯುವುದಾಗಿ ಹೇಳುವವರೂ ಇದ್ದಾರೆ. ಅಂಥ ಉಪಕರಣಗಳಿಗೆ ದೃಢವಾದ ವೈಜ್ಞಾನಿಕ ಆಧಾರ ದೊರೆತಿಲ್ಲ. ನಡುಕವು ಭಯವನ್ನು ತಿಳಿಸೀತು. ಆದರೆ ಸುಳ್ಳು ಹೇಳುವವನು ಸಿಕ್ಕಿಬಿದ್ದೇನೆಂದು ಹೆದರುವಂತೆ, ನಿಜ ಹೇಳುವವನೂ ಯಾರೂ ನಂಬಲಾರರೆಂದು ಹೆದರುತ್ತಾನೆ.

ಹಾಗಾದರೆ ಗುಣವನ್ನು ಅರಿಯುವುದು ಹೇಗೆ?

ಮಾತಿನಿಂದ ಗುಣವು ಎಂದಿಗೂ ತಿಳಿಯದೆಂದು ನಮ್ಮ ಅಭಿಪ್ರಾಯವಲ್ಲ. ಒಬ್ಬನ ಕಂಠವನ್ನು ಬಿಟ್ಟು ಅವನು ಆಡಿದ ಮಾತನ್ನು ಗಮನಿಸಿರಿ. ಒಂದು ಸಲವಲ್ಲ, ಅನೇಕ ಸಲ. ಎದುರಿಗಿಲ್ಲದವರ ವಿಷಯದಲ್ಲಿ ಅವನು ಏನು ಹೇಳುತ್ತಾನೆ? ಮೇಲಧಿಕಾರಿಯೊಡನೆ ಆಡುವ ಮಾತಿಗೂ ಹೋಟೆಲಿನ ಹುಡುಗನೊಡನೆ ಆಡುವ ಮಾತಿಗೂ ಎಷ್ಟು ಅಂತರ? ತಪ್ಪಿದಾಗ “ತಪ್ಪಾಯಿತು” ಎನ್ನುತ್ತಾನೆಯೆ? ನಿನ್ನೆ ಕೊಟ್ಟ ಮಾತು ಇಂದು ನಡೆಯಿತೆ? ಒಂದೇ ವಾಚನವನ್ನು ನಂಬದೆ ಹಲವು ವಾಚನಗಳನ್ನು ತೆಗೆದುಕೊಳ್ಳುವುದು ಪ್ರಯೋಗಶಾಲೆಯ ಮೊದಲ ಪಾಠ. ಮನುಷ್ಯರ ವಿಷಯದಲ್ಲಿ ಆ ಪಾಠವನ್ನು ನಾವೇಕೆ ಮರೆಯಬೇಕು?

ನಮ್ಮ ಹಿರಿಯರು ಈ ವಿಷಯವನ್ನು “ನಡೆನುಡಿ” ಎಂಬ ಜೋಡಿಪದದಲ್ಲಿ ಅಡಗಿಸಿದ್ದಾರೆ. ಅದರಲ್ಲಿ ನಡೆಯು ಮೊದಲು, ನುಡಿಯು ಅನಂತರ.

ಬಸ್ಸು ಹೊಸರಿತ್ತಿಯನ್ನು ಮುಟ್ಟಿದಾಗ ನಮಗೆ ಇನ್ನೊಂದು ಸಂಗತಿ ನೆನಪಾಯಿತು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಜನಿಸಿ, 1930ರ ದಾಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದ ಮೈಲಾರ ಮಹದೇವ ಅವರು, 1943ರ ಏಪ್ರಿಲ್ 1ರಂದು ಬ್ರಿಟಿಷ್ ಸರಕಾರದ ಕಂದಾಯ ಕಚೇರಿಯ ಮೇಲೆ ನಡೆಸಿದ ದಾಳಿಯಲ್ಲಿ ಇದೇ ಊರಿನಲ್ಲಿ ಗುಂಡಿಗೆ ಬಲಿಯಾದರು. ಜೊತೆಗಾರರಾದ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೂ ಅಂದೇ ಪ್ರಾಣ ತೆತ್ತರು. ಆ ಮೂವರ ಕಂಠ ಮೃದುವಾಗಿತ್ತೋ ಗಡಸಾಗಿತ್ತೋ, ಇಂದು ಶಾಲೆಗೆ ಹೋಗುವ ಮಕ್ಕಳು ಅದನ್ನು ಕೇಳಿದವರಲ್ಲ. ಆದರೆ ಅವರು ಎಂಥ ಮನುಷ್ಯರೆಂದು ಆ ಮಕ್ಕಳನ್ನು ಕೇಳಿರಿ, ಉತ್ತರಕ್ಕೆ ತಡವಾಗುವುದಿಲ್ಲ.

ಮುಂದಿನ ಆಸನದ ಹಿರಿಯರು ಇಳಿಯುವಾಗಲೂ ಒಮ್ಮತಕ್ಕೆ ಬಂದಿರಲಿಲ್ಲ. ಕಡೆಗೆ ಒಬ್ಬರು, “ಇರ್ಲಿ ಬಿಡ್ರಿ ಗೌಡ್ರ, ಅವ್ರ ಊರಾಗ ನಾಕ್ ಮಂದೀನ್ನ ಕೇಳಿ ನೋಡೂಣು” ಎಂದರು. ಅದು ಸರಿಯಾದ ವಿಧಾನವೆಂದು ನಮಗೂ ತೋರಿತು.